ಮಣ್ಣು ನೀರಿನಲ್ಲಿ ಉಳಿದ ವಿಷವನ್ನು ಅಳೆಯುವುದು



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ಮನೆಗಳ ಅಟ್ಟದ ಮೇಲೆ ಹಳೆಯ ಔಷಧದ ಡಬ್ಬಿ ಒಂದಾದರೂ ಇದ್ದೀತು. ಚೀಟಿ ಹರಿದಿದೆ, ಹೆಸರು ಅಳಿಸಿದೆ. 'ಇಷ್ಟು ವರ್ಷ ಆಯ್ತಲ್ಲ, ಅದರ ಶಕ್ತಿ ಎಲ್ಲಾ ಹೋಗಿರ್ತದೆ' ಅಂತ ನೀವು ಅಂದುಕೊಂಡಿರಬಹುದು. ಹಾಗೆ ಹೋಗುವುದಿಲ್ಲ ಎಂಬುದೇ ಇವತ್ತಿನ ಮಾತು.

ಸೆಗಣಿ, ಸೊಪ್ಪು ಮಣ್ಣಿಗೆ ಬಿದ್ದರೆ ಕೊಳೆತು ಗೊಬ್ಬರವಾಗುತ್ತವೆ. ಆದರೆ ಕಾರ್ಖಾನೆಯಲ್ಲಿ ಹುಟ್ಟಿದ ಕೆಲವು ರಾಸಾಯನಿಕಗಳನ್ನು ಮಣ್ಣಿನ ಜೀವಾಣುಗಳು ಬೇಗ ಅರಗಿಸಲಾರವು. ಡಿ.ಡಿ.ಟಿ., ಬಿ.ಎಚ್.ಸಿ., ಎಂಡೋಸಲ್ಫಾನ್, ಹಳೆಯ ಕೆಲವು ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿದ್ದ ಪಿ.ಸಿ.ಬಿ. ಇವೆಲ್ಲ ಆ ಜಾತಿಯವು. ನೀರಿನಲ್ಲಿ ಕರಗುವುದು ಕಡಿಮೆ, ಕೊಬ್ಬಿನಲ್ಲಿ ಕರಗುವುದು ಹೆಚ್ಚು. ಆದುದರಿಂದ ಹಳ್ಳದ ನೀರನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ತಳದ ಕೆಸರು, ಮೀನು, ಹಾಲು, ತುಪ್ಪ, ಮನುಷ್ಯರ ರಕ್ತ, ಬಾಣಂತಿಯ ಎದೆಹಾಲು ಇವನ್ನೂ ನೋಡಬೇಕಾಗುತ್ತದೆ.

ಕಾಸರಗೋಡಿನ ಪಡ್ರೆ ಗ್ರಾಮದ ಸಂಗತಿ ಕೇಳಿರಿ. ಅಲ್ಲಿಯ ಸರ್ಕಾರಿ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. 2000ದ ಡಿಸೆಂಬರಿನಲ್ಲಿ ಅದು ನಿಂತಿತು. ಮರುವರ್ಷ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಹುಡುಗರ ರಕ್ತ ಪರೀಕ್ಷಿಸಿದರು. ಸಿಂಪಡಣೆ ನಿಂತು ಸುಮಾರು 10 ತಿಂಗಳಾಗಿತ್ತು. ಆದರೂ ಪಡ್ರೆಯ ಹುಡುಗರಲ್ಲಿ ಸರಾಸರಿ 7.47, ಸುಮಾರು 20 ಕಿಲೋಮೀಟರ್ ದೂರದ ಊರಿನ ಹುಡುಗರಲ್ಲಿ 1.37 ಸಿಕ್ಕಿತು. ಈ ಲೆಕ್ಕ ನೂರು ಕೋಟಿಗೆ ಇಷ್ಟು ಪಾಲು ಎಂದು. ಒಂದು ಪಾಲೆಂದರೆ, ಹತ್ತು ಟನ್ನಿನ ನೂರು ಲಾರಿ ಅಕ್ಕಿಯಲ್ಲಿ ಒಂದು ಗ್ರಾಮು! ಇಷ್ಟು ಸಣ್ಣದು ನಾಲಿಗೆಗೆ, ಮೂಗಿಗೆ ಗೊತ್ತಾದೀತೇ?

ದೂರದ ಊರಿನವರನ್ನೂ ಯಾಕೆ ಪರೀಕ್ಷಿಸಿದರು ಅಂತೀರಾ? ಹೋಲಿಸಿ ನೋಡದೆ ಹೆಚ್ಚು-ಕಡಿಮೆ ಹೇಳಲಿಕ್ಕೆ ಬರುವುದಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನ್ ತಡೆಯಿತು. ಇದು ಬರಿ ಕಾಸರಗೋಡಿನ ಪಾಡಲ್ಲ. ನಮ್ಮ ಸರ್ಕಾರ ಎಂಡೋಸಲ್ಫಾನ್ ಬಾಧಿತರನ್ನು ಗುರುತಿಸಿದ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಸೇರಿದೆ.

ಹಾಗೆಂದು ಎಲ್ಲ ಕಾಯಿಲೆಗೂ ಔಷಧವನ್ನೇ ದೂರಬಾರದು. ಸಿದ್ದಾಪುರದ ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಸೊಂಟ, ಮೊಣಕಾಲು ಹಿಡಿಯುವ ಕಾಯಿಲೆ ಬೆಳಕಿಗೆ ಬಂತು. ಔಷಧ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂದು ಮೊದಲು ಶಂಕೆ ಹುಟ್ಟಿತು. ಮುಂದಿನ ಸಂಶೋಧನೆ ವಂಶಪಾರಂಪರ್ಯದ ದೋಷವೆಂದು ತೋರಿಸಿತು. ನನ್ನ ಮಟ್ಟಿಗೆ, ಅಳತೆ ಬೇಕು ಅನ್ನಲಿಕ್ಕೆ ಪಡ್ರೆಯಷ್ಟೇ ಒಳ್ಳೆಯ ಉದಾಹರಣೆ ಹಂದಿಗೋಡು.

ಇನ್ನು ನಿಮ್ಮ ಬಾವಿಯ ವಿಷಯ. ಗೊಬ್ಬರ ಹಾಕಲಿಕ್ಕೆಂದು ಮಾಡಿಸುವ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಈ ವಿಷಗಳು ಕಾಣುವುದಿಲ್ಲ. ಅದಕ್ಕೆ ಬೇರೆ ಯಂತ್ರ, ಬೇರೆ ಪ್ರಯೋಗಶಾಲೆ ಬೇಕು. ಸಂಶಯವಿದ್ದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿರಿ. ಎಲ್ಲಿಗೆ ಕಳಿಸಬೇಕೆಂದು ತಿಳಿದ ಮೇಲೆಯೇ ಮಾದರಿ ತೆಗೆಯಿರಿ. ಪ್ಲಾಸ್ಟಿಕ್ ಬಾಟಲಿ ಬೇಡ, ಶುದ್ಧವಾದ ಗಾಜಿನ ಬಾಟಲಿ ಆಗಬೇಕು. ತೆಗೆದ ತಾರೀಖು, ಜಾಗ, ಹತ್ತಿರದಲ್ಲಿ ಯಾವ ಔಷಧ ಯಾವಾಗ ಹೊಡೆದದ್ದು, ಎಲ್ಲ ಬರೆದಿಡಿ. ಬಿಸಿಲು ತಾಗಿಸದೆ ತಂಪಿನಲ್ಲಿಟ್ಟು ಬೇಗ ಮುಟ್ಟಿಸಿರಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅದೇ ಜಾಗದಿಂದ ತೆಗೆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದೀತು.

ಅಟ್ಟದ ಡಬ್ಬಿಯನ್ನು ಹಳ್ಳಕ್ಕೆ ಸುರಿಯಬೇಡಿ, ಬೆಟ್ಟದಲ್ಲಿ ಹುಗಿಯಬೇಡಿ, ಸುಡಲೂ ಬೇಡಿ. ಸುಟ್ಟರೆ ಹೊಗೆಯಲ್ಲಿ ಇನ್ನೂ ಕೆಟ್ಟ ವಿಷ ಹುಟ್ಟಬಹುದು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ಕೃಷಿ ಇಲಾಖೆಗೆ ತಿಳಿಸಿರಿ. ಖಾಲಿ ಡಬ್ಬಿ ತೊಳೆದು ಉಪ್ಪು ತುಂಬಿಡುವ ಮನೆಗಳೂ ಉಂಟು. ತಾಯಂದಿರೇ, ಅದನ್ನಂತೂ ಇವತ್ತೇ ಬಿಡಿ.