ಬಿಸಿಗಾಳಿಗೆ ಒಲಿಯದ ಬಜ್ಜಿ

ಹೃದಯದ ಚಿಕಿತ್ಸೆ ಪಡೆದು ಇಳಕಲ್ಲಿನ ಮನೆಗೆ ಮರಳಿದ ಅಪ್ಪನಿಗೆ ವೈದ್ಯರು ಕರಿದ ತಿಂಡಿ ಬೇಡವೆಂದರು. ಅಂದಿನಿಂದ ಸಂಜೆಯ ಚುರುಮುರಿಯ ತಟ್ಟೆಯಲ್ಲಿ ಮಿರ್ಚಿ ಬಜ್ಜಿಯ ಜಾಗ ಖಾಲಿ. ಏರ್ ಫ್ರೈಯರ್ ಕೊಂಡರೆ ಹೇಗೆ ಎಂಬ ಯೋಚನೆ ಬಂದು, ಮೊದಲು ನೆಂಟರ ಮನೆಯ ಯಂತ್ರದಲ್ಲಿ ಪರೀಕ್ಷಿಸಿದೆ.

ಹೆಸರೇನೇ ಇರಲಿ, ಅದು ಕರಿಯುವುದಿಲ್ಲ. ಬಿಸಿಗಾಳಿಯನ್ನು ಫ್ಯಾನಿನಿಂದ ಸುತ್ತಿಸಿ ಬೇಯಿಸುವ ಪುಟ್ಟ ಓವನ್ ಅಷ್ಟೆ. ಎರಡೂ 180 ಡಿಗ್ರಿ ಕಾದಿದ್ದರೂ, ಎಣ್ಣೆ ಕಡಲೆಹಿಟ್ಟನ್ನು ಕ್ಷಣದಲ್ಲಿ ಗಟ್ಟಿಗೊಳಿಸುತ್ತದೆ. ಗಾಳಿಗೆ ಆ ವೇಗವಿಲ್ಲ. ಹಿಟ್ಟು ಜಾಲರಿಯಿಂದ ತೊಟ್ಟಿಕ್ಕಿತು, ಮೆಣಸಿನಕಾಯಿ ಬೆತ್ತಲಾಗಿ ಉಳಿಯಿತು. ಶೇಂಗಾ ಮಾತ್ರ ಸೊಗಸಾಗಿ ಹುರಿದು ಬಂತು. ಆದರೆ ಅದಕ್ಕೆ ನಮ್ಮ ರೊಟ್ಟಿಯ ಹಂಚು ಸಾಲದೇ?

ಯಂತ್ರ ಕೊಳ್ಳಲಿಲ್ಲ. ಹುರಿದ ಶೇಂಗಾವನ್ನೇ ಚುರುಮುರಿಗೆ ಬೆರೆಸಿ ಅಪ್ಪನ ಮುಂದಿಟ್ಟೆ. ‘ಬಜ್ಜಿ ಇಲ್ಲದ ನಡೀತೈತಿ, ಬಜ್ಜಿ ಹಂಗ ಇರೋದು ಬ್ಯಾಡವ್ವಾ’ ಎಂದರು.