ಜೇನುತುಪ್ಪದ ವ್ಯತ್ಯಾಸವೂ ಗ್ರಾಹಕನ ಸಂದೇಹವೂ

ಮೈಸೂರಿನಲ್ಲಿ ಮನೆಯ ಹಿತ್ತಿಲಲ್ಲಿ ಎರಡು ಮೂರು ಜೇನುಪೆಟ್ಟಿಗೆಗಳನ್ನಿಟ್ಟು, ಸ್ವಂತ ಖರ್ಚಿಗೆ ಮಿಕ್ಕ ತುಪ್ಪವನ್ನು ನೆರೆಹೊರೆಯವರಿಗೆ ಮಾರುವವರುಂಟು. ಇವರಿಗೊದಗುವ ತೊಡಕು ಬಹುಮಟ್ಟಿಗೆ ಒಂದೇ. ಮೊದಲು ಕೊಂಡ ಸೀಸೆಯಲ್ಲಿನ ತುಪ್ಪ ಹೊಂಬಣ್ಣದ್ದು. ಎರಡನೆಯದು ಕಂದು, ತುಸು ಒಗರು. ಚಳಿಗಾಲ ಬಂದಾಗ ಮೂರನೆಯದು ತಳದಿಂದ ಹರಳುಗಟ್ಟುತ್ತದೆ. ‘ಸಕ್ಕರೆ ಬೆರೆಸಿದ್ದಾರೆ’ ಎಂದು ಗ್ರಾಹಕನು ತೀರ್ಮಾನಿಸಿಬಿಡುತ್ತಾನೆ. ಈ ತೀರ್ಮಾನಕ್ಕೆ ಆಧಾರವೆಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪೆಟ್ಟಿಗೆಯಲ್ಲಿ ಸಾಕುವುದು ಸಾಮಾನ್ಯವಾಗಿ ತುಡುವೆ ಜೇನನ್ನು. ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿ ಜೇನುಕುರುಬರು ಪರಂಪರೆಯಿಂದ ಇಳಿಸುತ್ತ ಬಂದಿರುವ ಹೆಜ್ಜೇನಿನ ತುಪ್ಪದೊಡನೆ ಹಿತ್ತಿಲಿನ ತುಪ್ಪವನ್ನು ಹೋಲಿಸುವುದು ನ್ಯಾಯವಲ್ಲ. ತುಡುವೆಯು ಹೆಚ್ಚಾಗಿ ಗೂಡಿನಿಂದ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಮಕರಂದವನ್ನು ಸಂಗ್ರಹಿಸುವುದು. ಆದುದರಿಂದ ಅದರ ತುಪ್ಪವೆಂದರೆ ಆ ಬಡಾವಣೆಯ ಹೊಂಗೆ, ಬೇವು, ನೇರಳೆ, ತೆಂಗುಗಳ ಲೆಕ್ಕಪತ್ರವೆಂದೇ ಹೇಳಬಹುದು. ಒಂದು ಸಲ ತೆಗೆದ ತುಪ್ಪದಲ್ಲಿ ಒಂದೆರಡು ಹೂಗಳ ಪಾಲು ಮೇಲಾಗಿರುವುದು ಸಹಜ. ನೇರಳೆಯದು ಕಪ್ಪಾಗಿ ಕಹಿಯೊಗರಾಗಿರುತ್ತದೆ; ಗುಂಡ್ಲುಪೇಟೆಯ ಕಡೆಯ ಸೂರ್ಯಕಾಂತಿಯದು ಬಲುಬೇಗ ಗಟ್ಟಿಯಾಗುತ್ತದೆ. ದೊಡ್ಡ ವ್ಯಾಪಾರಿಗಳಾದರೋ ಅನೇಕ ಪ್ರಾಂತಗಳ ತುಪ್ಪವನ್ನು ಬೆರೆಸಿ, ಕಾಯಿಸಿ, ಸೋಸಿ, ವರ್ಷವಿಡೀ ಒಂದೇ ಬಣ್ಣ ಬರುವಂತೆ ನೋಡಿಕೊಳ್ಳುತ್ತಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ಅಳಿಸಿಹಾಕಿತು. ಆ ಬಳಿಕ ಬೆಳೆದವರಿಗೆ ಅಂಗಡಿಯ ಏಕರೂಪದ ತುಪ್ಪವೇ ಮಾದರಿಯಾಗಿ ನಿಂತಿದ್ದರೆ ಅಚ್ಚರಿಯೇನೂ ಇಲ್ಲ.

ಹರಳುಗಟ್ಟುವ ವಿಚಾರವನ್ನು ತುಸು ವಿಸ್ತಾರವಾಗಿ ನೋಡಬೇಕು. ಜೇನುತುಪ್ಪದ ಮುಖ್ಯ ಸಕ್ಕರೆಗಳು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಮೊದಲನೆಯದು ನೀರಿನಲ್ಲಿ ಸುಲಭವಾಗಿ ಕರಗಿ ನಿಲ್ಲುತ್ತದೆ. ಎರಡನೆಯದು ಅಲ್ಲಿರುವ ಅಲ್ಪ ನೀರಿನಲ್ಲಿ ಕರಗಬಹುದಾದುದಕ್ಕಿಂತ ಹೆಚ್ಚಾಗಿ ಸೇರಿಕೊಂಡಿರುವುದರಿಂದ, ಅವಕಾಶ ದೊರೆತೊಡನೆ ಹರಳಾಗಿ ಬೇರ್ಪಡುತ್ತದೆ. ಪರಾಗದ ಕಣವೋ ಮೇಣದ ಚೂರೋ ಹರಳಿಗೆ ಬೀಜವಾಗುತ್ತದೆ. ಇದಕ್ಕೆ ಅತ್ಯಂತ ಅನುಕೂಲವಾದ ಉಷ್ಣತೆ ಸುಮಾರು 14 ಡಿಗ್ರಿ ಸೆಲ್ಷಿಯಸ್. ಮೈಸೂರಿನ ಡಿಸೆಂಬರ್–ಜನವರಿಯ ರಾತ್ರಿಗಳು ಅದಕ್ಕೆ ಸಾಕಷ್ಟು ಸಮೀಪಕ್ಕೆ ಬರುತ್ತವೆ. ಗ್ಲೂಕೋಸಿನ ಪ್ರಮಾಣ ಹೂವಿನಿಂದ ಹೂವಿಗೆ ಬೇರೆಯಾಗಿರುವುದರಿಂದಲೇ ಒಂದು ಸೀಸೆ ಗಟ್ಟಿಯಾಗಿ ಇನ್ನೊಂದು ದ್ರವವಾಗಿಯೇ ಉಳಿಯುವುದು. ಹರಳು ಕಲಬೆರಕೆಯ ಕುರುಹಲ್ಲ. ಹಾಗೆಯೇ ಪರಿಶುದ್ಧತೆಗೆ ಸಾಕ್ಷಿಯೂ ಅಲ್ಲ. ಹಾಗೆಂದು ಹೇಳಿ ಮಾರುವವರೂ ಇರುವುದರಿಂದ ಈ ಮಾತನ್ನು ಸೇರಿಸಬೇಕಾಯಿತು.

ಗ್ರಾಹಕನನ್ನು ಮೆಚ್ಚಿಸುವುದಕ್ಕಾಗಿ ತುಪ್ಪವನ್ನು ಒಲೆಯ ಮೇಲಿಟ್ಟು ಕರಗಿಸುವ ಪದ್ಧತಿ ಕೆಟ್ಟದ್ದು. ಪರಿಮಳ ಹಾರಿಹೋಗುತ್ತದೆ, ಕಿಣ್ವಗಳು ಕುಂದುತ್ತವೆ, ಹೈಡ್ರಾಕ್ಸಿಮೀಥೈಲ್ ಫರ್ಫುರಾಲ್ ಎಂಬ ವಸ್ತು ಹೆಚ್ಚುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇದಕ್ಕೆ ಕಿಲೋಗ್ರಾಮಿಗೆ 80 ಮಿಲಿಗ್ರಾಮಿನ ಮಿತಿಯನ್ನು ವಿಧಿಸಿದೆ. ಸೀಸೆಯನ್ನು ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ನಿಲ್ಲಿಸಿದರೆ ಹರಳು ನಿಧಾನವಾಗಿ ಕರಗುವುದು.

ನಿಜವಾಗಿ ಆಕ್ಷೇಪಿಸತಕ್ಕ ವ್ಯತ್ಯಾಸವೊಂದುಂಟು: ನೀರಿನದು. ಹುಳುಗಳು ಮೇಣದ ಮುಚ್ಚಳ ಹಾಕುವ ಮೊದಲೇ ಎರಿಯಿಂದ ತೆಗೆದ ತುಪ್ಪ ಪಕ್ವವಾಗಿರುವುದಿಲ್ಲ. ಮಳೆಗಾಲದಲ್ಲಂತೂ ತೇವ ಇನ್ನೂ ಹೆಚ್ಚು. ಅದು ಹುಳಿತು ನೊರೆಯೇಳುತ್ತದೆ. ಪ್ರಾಧಿಕಾರದ ಮಿತಿ ಶೇಕಡಾ 20. ತುಡುವೆಯ ತುಪ್ಪ ಈ ಗೆರೆಯನ್ನು ಮೀರುವುದು ಅಪರೂಪವಲ್ಲವಾದುದರಿಂದ, ಮುಚ್ಚಿದ ಎರಿಗಾಗಿ ಕಾಯುವ ತಾಳ್ಮೆ ಮಾರುವವನಿಗೆ ಇರಲೇಬೇಕು. ಕೈಯಲ್ಲಿ ಹಿಡಿಯುವ ವಕ್ರೀಭವನಮಾಪಕದಿಂದ ಒಂದು ಹನಿಯಲ್ಲಿಯೇ ನೀರಿನಂಶವನ್ನು ತಿಳಿಯಬಹುದು.

ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿಯನ್ನು ಅದ್ದಿ ಉರಿಸುವುದು, ನಾಯಿ ಮೂಸುವುದೇ ಎಂದು ನೋಡುವುದು—ಈ ಮನೆಪರೀಕ್ಷೆಗಳಿಂದ ಶುದ್ಧತೆ ನಿರ್ಧಾರವಾಗದು. ಗಟ್ಟಿಯಾದ ಸಕ್ಕರೆಪಾಕವೂ ತಳಕ್ಕಿಳಿಯುತ್ತದೆ. ಕಬ್ಬು, ಜೋಳಗಳ ಸಕ್ಕರೆಯನ್ನು ಇಂಗಾಲದ ಐಸೊಟೋಪುಗಳಿಂದ ಕಂಡುಹಿಡಿಯಬಹುದಾದರೂ ಅಕ್ಕಿಯ ಪಾಕ ಆ ಪರೀಕ್ಷೆಯನ್ನು ತಪ್ಪಿಸಿಕೊಳ್ಳುತ್ತದೆ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಗುರುತಿನ ತುಪ್ಪಗಳನ್ನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದವು 3 ಮಾತ್ರ. ಅಂದರೆ ಏಕರೂಪವೇ ಶುದ್ಧತೆಯೆಂಬ ನಂಬಿಕೆಗೂ ಬುಡವಿಲ್ಲ.

ಹೀಗಿರುವಲ್ಲಿ ಮನೆಯ ಉತ್ಪಾದಕನಿಗೆ ಉಳಿಯುವ ಉಪಾಯ, ಇರುವುದನ್ನು ಇದ್ದಂತೆ ಮೊದಲೇ ತಿಳಿಸುವುದು. ತೆಗೆದ ತಿಂಗಳು, ಆಗ ಹೆಚ್ಚಾಗಿ ಅರಳಿದ್ದ ಮರ, ಹರಳುಗಟ್ಟಬಹುದೆಂಬ ಸೂಚನೆ—ಇವು ಚೀಟಿಯಲ್ಲಿರಲಿ. ಒಂದು ವರ್ಷದೊಳಗಿನ ಶಿಶುವಿಗೆ ನೆಕ್ಕಿಸಬಾರದೆಂಬುದನ್ನೂ ಬರೆಯುವುದು ಅಗತ್ಯ. ನಮ್ಮ ಮನೆಗಳಲ್ಲಿ ಆ ರೂಢಿ ಇನ್ನೂ ಹೋಗಿಲ್ಲ. ಎರಡು ಸಲದ ತುಪ್ಪವನ್ನು ಬೆರೆಸದೆ ಬೇರೆಯಾಗಿಯೇ ಇಟ್ಟು, ಕೊಳ್ಳುವವರಿಗೆ ರುಚಿ ತೋರಿಸಿದರೆ ಅವರೇ ಆರಿಸಿಕೊಳ್ಳುವರು. ಸಣ್ಣ ಮಾರಾಟಗಾರನೂ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕಾದುದು ಕಾನೂನು. ಮಾರುವುದಾದರೆ ತೂಕದಲ್ಲಿ ಮಾರುವುದು ಲೇಸು: ಒಂದು ಲೀಟರ್ ಜೇನುತುಪ್ಪ ಸುಮಾರು 1.4 ಕಿಲೋಗ್ರಾಂ ತೂಗುವುದರಿಂದ, 750 ಮಿಲಿಲೀಟರಿನ ಸೀಸೆಯಲ್ಲಿ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚೇ ಹಿಡಿಯುತ್ತದೆ.