ಜಾಜ್ ಉತ್ಸವದಲ್ಲಿ ಕಿವಿಗೊಡಬೇಕಾದವರು

ಜಾಜ್ ಉತ್ಸವದಲ್ಲಿ ಒಂದು ತಂಡಕ್ಕೆ ಸಾಮಾನ್ಯವಾಗಿ ಸಿಗುವುದು ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಬಯಲಿನ ವೇದಿಕೆ, ಎದ್ದು ಓಡಾಡುವ ಜನ, ಸರದಿಗಾಗಿ ಕಾದು ನಿಂತ ಮುಂದಿನ ತಂಡ. ಸಣ್ಣ ಕ್ಲಬ್ಬಿನಲ್ಲಿ ರಾತ್ರಿಯಿಡೀ ನುಡಿಸುತ್ತ ನಿಧಾನವಾಗಿ ಹದಕ್ಕೆ ಬರುವ ಸೌಕರ್ಯ ಇಲ್ಲಿಲ್ಲ. ದೊಡ್ಡ ಹೆಸರಿನವರು ಇಲ್ಲಿ ಸಪ್ಪೆಯಾಗಿದ್ದಾರೆ, ಹಿಂದಿನ ಸಾಲಿನ ವಾದಕರು ಒಂದೇ ರಾತ್ರಿಯಲ್ಲಿ ಚರಿತ್ರೆಗೆ ಸೇರಿದ್ದಾರೆ. ವೇಗವಾಗಿ ಬೆರಳಾಡಿಸುವವರು ಪ್ರತಿ ಉತ್ಸವದಲ್ಲೂ ಸಿಗುತ್ತಾರೆ. ಕೇಳಲೇಬೇಕಾದವರು ಆ ಹೊತ್ತಿನಲ್ಲಿ, ಆ ಜೊತೆಗಾರರೊಂದಿಗೆ, ಆ ಸಭೆಯ ಮುಂದೆ ಮಾತ್ರ ಹುಟ್ಟಬಲ್ಲ ಸಂಗೀತವನ್ನು ನುಡಿಸುವವರು.

ಜಾಜ್‌ನ ಕಟ್ಟಡ ಹೊರನೋಟಕ್ಕೆ ಸರಳ. ಮೊದಲು ಹಾಡಿನ ಧಾಟಿಯನ್ನು ನುಡಿಸುತ್ತಾರೆ. ಆಮೇಲೆ ಅದರ ತಳದಲ್ಲಿರುವ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ, ಸರಣಿಯನ್ನು ಮತ್ತೆ ಮತ್ತೆ ಸುತ್ತುತ್ತ ಒಬ್ಬೊಬ್ಬರೂ ತಮ್ಮ ಮನೋಧರ್ಮದಂತೆ ಸೋಲೊ ಬೆಳೆಸುತ್ತಾರೆ. ಇಂಥ ಒಂದು ಸುತ್ತಿಗೆ ಕೋರಸ್ ಎನ್ನುತ್ತಾರೆ. ಬ್ಲೂಸ್‌ನಲ್ಲಿ ಒಂದು ಕೋರಸ್ ಎಂದರೆ ಸಾಮಾನ್ಯವಾಗಿ 12 ಬಾರ್, ಬಾರಿಗೆ ನಾಲ್ಕು ಎಣಿಕೆಯಂತೆ 48 ಎಣಿಕೆ. ಕರ್ನಾಟಕ ಸಂಗೀತದ ಕಲ್ಪನಾಸ್ವರ ಕೇಳಿ ಬಲ್ಲವರಿಗೆ ಇದು ತೀರ ಹೊಸದೆನಿಸದು. ಆದರೆ ಇಲ್ಲಿ ಮುಂದೆ ನಿಂತವರಷ್ಟೇ ಅಲ್ಲ, ಪಿಯಾನೊ, ಬೇಸ್, ಡ್ರಮ್ಸ್ ನುಡಿಸುವವರೂ ಅದೇ ಕ್ಷಣದಲ್ಲಿ ತಮ್ಮ ಭಾಗವನ್ನು ಹೊಸದಾಗಿ ಕಟ್ಟುತ್ತಿರುತ್ತಾರೆ. ಒಬ್ಬರ ಸೋಲೊ ಎಂದು ಕೇಳುವುದು ನಿಜಕ್ಕೂ ನಾಲ್ಕೈದು ಜನರ ಮಾತುಕತೆ.

ಈ ಮಾತುಕತೆ ಉತ್ಸವದಲ್ಲಿ ಏನು ಮಾಡಬಲ್ಲದು ಎಂಬುದನ್ನು ನ್ಯೂಪೋರ್ಟ್ ತೋರಿಸಿತು. ಅದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಕಡಲತೀರದ ಊರು. ಸಿರಿವಂತರು ಬೇಸಿಗೆ ಕಳೆಯಲು ಬರುತ್ತಿದ್ದ ಅಲ್ಲಿ ಲೂಯಿ ಮತ್ತು ಇಲೇನ್ ಲೋರಿಲಾರ್ಡ್ ದಂಪತಿಯ ನೆರವಿನಿಂದ ಜಾರ್ಜ್ ವೀನ್ 1954ರಲ್ಲಿ ಜಾಜ್ ಉತ್ಸವ ಆರಂಭಿಸಿದರು. ಅಲ್ಲಿ 1956ರ ಜುಲೈ 7ರ ರಾತ್ರಿ ನಡೆದದ್ದನ್ನು ಜಾಜ್ ಪ್ರಿಯರು ಇಂದಿಗೂ ಹೇಳಿಕೊಳ್ಳುತ್ತಾರೆ.

ಆ ಹೊತ್ತಿಗೆ ಡ್ಯೂಕ್ ಎಲಿಂಗ್ಟನ್ ಅವರ ದೊಡ್ಡ ವಾದ್ಯವೃಂದದ ಬೇಡಿಕೆ ಕುಗ್ಗಿತ್ತು. ಅವರ ಮುಖ್ಯ ಸರದಿ ಬಂದಾಗ ಮಧ್ಯರಾತ್ರಿ ಹತ್ತಿರವಾಗಿತ್ತು, ಜನ ಮನೆಗೆ ಹೊರಡತೊಡಗಿದ್ದರು. ಎಲಿಂಗ್ಟನ್ ತಾವು 1937ರಲ್ಲಿ ರಚಿಸಿದ್ದ ಎರಡು ಭಾಗಗಳ ಬ್ಲೂಸ್ ಕೃತಿ 'ಡಿಮಿನುಯೆಂಡೊ ಅಂಡ್ ಕ್ರೆಷೆಂಡೊ ಇನ್ ಬ್ಲೂ' ಎತ್ತಿಕೊಂಡರು. ಎರಡು ಭಾಗಗಳ ನಡುವಿನ ಸೇತುವಾಗಿ ಟೆನರ್ ಸ್ಯಾಕ್ಸಫೋನ್ ವಾದಕ ಪಾಲ್ ಗಾನ್ಸಾಲ್ವೆಸ್‌ಗೆ ಸೋಲೊ ಬಿಟ್ಟುಕೊಟ್ಟರು. ಗಾನ್ಸಾಲ್ವೆಸ್ 27 ಕೋರಸ್ ನುಡಿಸಿದರು. ಆರು ನಿಮಿಷಕ್ಕೂ ಮೀರಿದ ಒಂದೇ ಓಟ. ಕೆಲವು ಕೋರಸ್ ಕಳೆಯುವಷ್ಟರಲ್ಲಿ ಕಪ್ಪು ಉಡುಪಿನ ಮಹಿಳೆಯೊಬ್ಬರು ಎದ್ದು ಕುಣಿಯತೊಡಗಿದರು. ಹೊರಟವರು ತಿರುಗಿ ಬಂದರು, ಸಾವಿರಾರು ಜನ ಎದ್ದು ನಿಂತರು. ಗಲಾಟೆಯಾದೀತೆಂದು ಹೆದರಿದ ವೀನ್ ನಿಲ್ಲಿಸುವಂತೆ ಸನ್ನೆ ಮಾಡಿದರೂ ಎಲಿಂಗ್ಟನ್ ಒಪ್ಪಲಿಲ್ಲ.

ಈ ಸೋಲೊವನ್ನು ಬಿಡಿಬಿಡಿಯಾಗಿ ನೋಡಿದರೆ ಅದರ ಸ್ವರಪ್ರಯೋಗಗಳು ಅಸಾಧಾರಣವೇನಲ್ಲ. ಅದಕ್ಕಿಂತ ಜಟಿಲವಾದ ಸೋಲೊಗಳು ನೂರಾರಿವೆ. ಇದರ ಬಲ ಲಯದಲ್ಲಿದೆ. ಜಾಜ್‌ನವರು ಸ್ವಿಂಗ್ ಎನ್ನುವ ಆ ತೂಗಾಟ, ಎಣಿಕೆಯನ್ನು ಒಂದಿಷ್ಟೂ ಓಡಿಸದೆ ಒಳಗಿನಿಂದ ಮುಂದಕ್ಕೆ ದೂಡುವ ಒತ್ತಡ, ಮೊದಲ ಕೋರಸ್‌ನಿಂದ ಕೊನೆಯವರೆಗೂ ಸಡಿಲವಾಗಲಿಲ್ಲ. ಅದಕ್ಕೆ ಡ್ರಮ್ಸ್‌ನ ಸ್ಯಾಮ್ ವುಡ್‌ಯಾರ್ಡ್ ಮತ್ತು ಬೇಸ್‌ನ ಜಿಮ್ಮಿ ವುಡ್ ಗಾನ್ಸಾಲ್ವೆಸ್ ಅವರಷ್ಟೇ ಕಾರಣರು. ವೇದಿಕೆಯ ಅಂಚಿನಲ್ಲಿ ಕೂತಿದ್ದ ಹಿರಿಯ ಡ್ರಮ್ಮರ್ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯಿಂದ ತಾಳ ಬಡಿಯುತ್ತ ತಂಡವನ್ನು ಹುರಿದುಂಬಿಸಿದರು. ಎಲಿಂಗ್ಟನ್ ಅವರ ಜಾಣ್ಮೆ ಕಾಣುವುದು ಇದರ ನಂತರ: ಉಕ್ಕಿದ ಸಭೆಯನ್ನು ತಣಿಸಲು ಅವರು ಜಾನಿ ಹಾಡ್ಜಸ್ ಅವರ ಆಲ್ಟೊ ಸ್ಯಾಕ್ಸಫೋನನ್ನು ಮುಂದಕ್ಕೆ ತಂದರು. ಯಾವುದರ ಬೆನ್ನಿಗೆ ಯಾವುದು ಎಂಬ ಈ ವಿವೇಕ ಉತ್ಸವದ ಕಲಾವಿದರಿಗೆ ಬೆರಳಿನ ಚಳಕದಷ್ಟೇ ಮುಖ್ಯ.

ಗಾನ್ಸಾಲ್ವೆಸ್ ಅಂದು ಧ್ವನಿಮುದ್ರಣ ಮಾಡುತ್ತಿದ್ದ ಕೊಲಂಬಿಯಾ ಕಂಪನಿಯ ಮೈಕ್ ಬಿಟ್ಟು ವಾಯ್ಸ್ ಆಫ್ ಅಮೆರಿಕ ರೇಡಿಯೊದ ಮೈಕಿಗೆ ನುಡಿಸಿದ್ದರು. ಹಾಗಾಗಿ ಮೊದಲು ಬಂದ ರೆಕಾರ್ಡಿನಲ್ಲಿ ಅವರ ದನಿ ದೂರದಿಂದ ಬಂದಂತಿದೆ. ಎರಡೂ ಟೇಪುಗಳನ್ನು ಜೋಡಿಸಿದ 1999ರ ಆವೃತ್ತಿಯಲ್ಲಿ ಅದು ಸ್ಪಷ್ಟವಾಗಿದೆ.

ಸಭೆಯನ್ನು ಗೆಲ್ಲಲು ಅಬ್ಬರವೇ ಬೇಕೆಂದಿಲ್ಲ. ಹಿಂದಿನ ವರ್ಷ, 1955ರಲ್ಲಿ, ಅದೇ ಉತ್ಸವಕ್ಕೆ ಕೊನೆಗಳಿಗೆಯಲ್ಲಿ ಸೇರಿದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್, ತೆಲೋನಿಯಸ್ ಮಾಂಕ್ ಅವರ ''ರೌಂಡ್ ಮಿಡ್‌ನೈಟ್' ನುಡಿಸಿದರು. ಪಿಯಾನೊದಲ್ಲಿ ಕೂತಿದ್ದವರು ಸ್ವತಃ ಮಾಂಕ್. ಟ್ರಂಪೆಟ್ಟಿನ ಬಾಯನ್ನು ಮೈಕಿಗೆ ತೀರ ಹತ್ತಿರ ಹಿಡಿದು, ಕಡಿಮೆ ಸ್ವರಗಳಲ್ಲಿ, ನಡುನಡುವೆ ಬಿಡುವು ಕೊಟ್ಟು ಅವರು ನುಡಿಸಿದ ರೀತಿಗೆ ಸಭೆ ಮನಸೋತಿತು. ಈ ಕೆಲವೇ ನಿಮಿಷಗಳ ವಾದನದ ನಂತರ ಕೊಲಂಬಿಯಾ ಅವರೊಂದಿಗೆ ಒಪ್ಪಂದಕ್ಕೆ ಮುಂದಾಯಿತು. ಒಂದೆರಡು ಸ್ವರ ಕೇಳುತ್ತಲೇ ಇಂಥವರೇ ಎಂದು ಗುರುತಿಸಬಲ್ಲ ನಾದ ಡೇವಿಸ್ ಅವರದು. ಅಂಥ ಸ್ವಂತ ನಾದ ಸಂಪಾದಿಸಿದವರು ಯಾವ ಕಾಲದಲ್ಲೂ ಕೆಲವರೇ.

ಹಾಡುಗಾರ್ತಿ ಅನಿಟಾ ಒ'ಡೇ ಕೊರತೆಯಿಂದಲೇ ಶೈಲಿ ಕಟ್ಟಿಕೊಂಡವರು. ಬಾಲ್ಯದ ಟಾನ್ಸಿಲ್ ಶಸ್ತ್ರಚಿಕಿತ್ಸೆಯಲ್ಲಿ ಕಿರುನಾಲಿಗೆ ಕತ್ತರಿಸಿಹೋಗಿದ್ದರಿಂದ ಅವರಿಗೆ ಸ್ವರವನ್ನು ದೀರ್ಘವಾಗಿ ಹಿಡಿದು ಕಂಪಿಸಲು ಆಗುತ್ತಿರಲಿಲ್ಲ. ಅವರು ಪದಗಳನ್ನು ತುಂಡು ಮಾಡಿ, ಎಣಿಕೆಯ ಹಿಂದೆ ಮುಂದೆ ಎಸೆದು, ಡ್ರಮ್ಸ್‌ನೊಡನೆ ಸವಾಲು ಜವಾಬು ನಡೆಸುವುದನ್ನು ಕಲಿತರು. 1958ರ ನ್ಯೂಪೋರ್ಟ್ ಉತ್ಸವವನ್ನು ಚಿತ್ರಿಸಿದ ಬರ್ಟ್ ಸ್ಟರ್ನ್ ಅವರ 'ಜಾಜ್ ಆನ್ ಎ ಸಮರ್ಸ್ ಡೇ' ಚಿತ್ರದಲ್ಲಿ, ದೊಡ್ಡ ಟೋಪಿ ಧರಿಸಿ ಹಗಲು ಬೆಳಕಿನಲ್ಲಿ ಹಾಡುವ ಅವರನ್ನು ನೋಡಬಹುದು.

ಪೂರ್ವಸಿದ್ಧತೆ ಇಲ್ಲದಿದ್ದರೂ ಪರಸ್ಪರ ಕೇಳಿಸಿಕೊಳ್ಳುವ ಕಿವಿ ಇದ್ದರೆ ಏನಾಗಬಹುದು ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಮಾಂಟ್ರೊ ಉತ್ಸವ ಸಾಕ್ಷಿ. 1969ರಲ್ಲಿ ಪಿಯಾನೊದ ಲೆಸ್ ಮೆಕ್ಯಾನ್ ಮತ್ತು ಸ್ಯಾಕ್ಸಫೋನಿನ ಎಡ್ಡಿ ಹ್ಯಾರಿಸ್ ಅಲ್ಲಿ ಒಟ್ಟಿಗೆ ನುಡಿಸಿದರು, ಟ್ರಂಪೆಟ್ಟಿಗೆ ಬೆನ್ನಿ ಬೇಲಿ ಸೇರಿದರು. ಅಭ್ಯಾಸಕ್ಕೆ ಸಮಯವೇ ಇರಲಿಲ್ಲ. ಆ ಕಛೇರಿಯ ರೆಕಾರ್ಡಿನಲ್ಲಿ ಹ್ಯಾರಿಸ್ ಮತ್ತು ಬೇಲಿ ಹಾಡಿನೊಳಗೆ ದಾರಿ ಹುಡುಕಿಕೊಳ್ಳುವುದು ಕೇಳಿಸುತ್ತದೆ, ಅದರ ಸೊಗಸೂ ಅದೇ. ಗಾಯಕಿ ಎಲ್ಲಾ ಫಿಟ್ಸ್‌ಜೆರಾಲ್ಡ್ 1964ರಲ್ಲಿ ಫ್ರಾನ್ಸಿನ ಜುವಾನ್ ಲೆ ಪ್ಯಾನ್ ಉತ್ಸವದಲ್ಲಿ ಹಾಡುತ್ತಿದ್ದಾಗ ಸುತ್ತಲಿನ ಮರಗಳ ಜೀರುಂಡೆಗಳ ಸದ್ದು ಜೋರಾಯಿತು. ಆಕೆ ಅದನ್ನೇ ವಸ್ತುವಾಗಿಸಿಕೊಂಡು ನಿಂತ ನಿಲುವಿನಲ್ಲೇ ಒಂದು ಹಾಡು ಕಟ್ಟಿದರು.

ಕನ್ನಡ ನಾಡಿಗೂ ಈ ಚರಿತ್ರೆಯಲ್ಲಿ ಪಾಲಿದೆ. ನಿರಂಜನ್ ಝವೇರಿ ಮುಂಬಯಿಯಲ್ಲಿ 1978ರಲ್ಲಿ ಆರಂಭಿಸಿದ ಜಾಜ್ ಯಾತ್ರಾ ಉತ್ಸವದಲ್ಲಿ, 1980ರಲ್ಲಿ, ಅಮೆರಿಕದ ಸ್ಯಾಕ್ಸಫೋನ್ ವಾದಕ ಜಾನ್ ಹ್ಯಾಂಡಿ ಅವರೊಂದಿಗೆ ಕದ್ರಿ ಗೋಪಾಲನಾಥ್ ನುಡಿಸಿದರು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನಾದ ಅವರು ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮರುಳಾದವರು. ಕೀಲಿಗಳಿಂದ ಸ್ವರಗಳನ್ನು ಕಟ್ಟಿಟ್ಟ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ತುಟಿ, ಉಸಿರು, ಬೆರಳುಗಳಿಂದ ಸಾಧಿಸಲು ವರ್ಷಗಟ್ಟಲೆ ದುಡಿದರು. ಅವರು ಜಾಜ್ ಕಲಾವಿದರನ್ನು ಅನುಕರಿಸಲಿಲ್ಲ. ಕರ್ನಾಟಕ ಸಂಗೀತವನ್ನೇ ಹಿಡಿದು ಹೋದರು, ಅದಕ್ಕಾಗಿಯೇ ಬರ್ಲಿನ್, ಪ್ರಾಗ್ ಜಾಜ್ ಉತ್ಸವಗಳು ಅವರನ್ನು ಬರಮಾಡಿಕೊಂಡವು. ಅಮೆರಿಕದಲ್ಲಿ ಬೆಳೆದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ, ಗೋಪಾಲನಾಥ್ ಅವರ ರೆಕಾರ್ಡೊಂದನ್ನು ಕೇಳಿ ಆಕರ್ಷಿತರಾಗಿ, ಮುಂದೆ 2008ರಲ್ಲಿ ಅವರೊಂದಿಗೆ 'ಕಿನ್ಸ್‌ಮೆನ್' ಆಲ್ಬಮ್ ತಂದರು. ಒಂದೇ ವಾದ್ಯ, ಎರಡು ಪರಂಪರೆ. ಯಾರೂ ತಮ್ಮದನ್ನು ಬಿಟ್ಟುಕೊಡದೆ ನಡೆಸಿದ ಸಂವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಜಾಜ್‌ಗೆ ಹೊಸಬರಾದವರು ಎಲಿಂಗ್ಟನ್ ಅವರ ನ್ಯೂಪೋರ್ಟ್ ರೆಕಾರ್ಡಿನಿಂದ ಆರಂಭಿಸಬಹುದು. ಮೊದಲ ಸಲ ಗಾನ್ಸಾಲ್ವೆಸ್ ಅವರನ್ನು ಕೇಳಿ, ಎರಡನೆಯ ಸಲ ಅವರನ್ನು ಬಿಟ್ಟು ಬೇಸ್ ಮತ್ತು ಡ್ರಮ್ಸ್ ಮಾತ್ರ ಕೇಳಿ. ಅದರ ಬೆನ್ನಿಗೇ 'ಕಿನ್ಸ್‌ಮೆನ್' ಹಾಕಿಕೊಳ್ಳಿ.